ಗೋಡೆಗಾನಿಸಿದ ದನಿ

ಜುಲೈ ೮, ಮಂಗಳವಾರ

ಇಂದಿನಿಂದ ನನ್ನ ಬಾಯಿಗೆ ಬೀಗ. ಹುಬ್ಬಳ್ಳಿಯ ಡಾಕ್ಟರು ಗಂಟಲೊಳಗಿನ ಗಂಟು ತೆಗೆದರು, ಅದು ಕೆಟ್ಟ ಗಂಟಲ್ಲ ಎಂದು ಸಮಾಧಾನ ಹೇಳಿದರು, ಆಮೇಲೆ ನಿಜವಾದ ಶಿಕ್ಷೆ ವಿಧಿಸಿದರು. ಆಗಸ್ಟಿನಲ್ಲಿ ತಾವು ಮತ್ತೆ ನೋಡುವವರೆಗೆ ಒಂದು ಮಾತೂ ಆಡಕೂಡದು. ಪಿಸುಗುಟ್ಟಲೂ ಕೂಡದು, ಅದು ಗಂಟಲಿಗೆ ಇನ್ನೂ ಕೆಟ್ಟದ್ದಂತೆ.

"ದನಿ ಮೊದ್ಲಿನಂಗ ಬರ್ತದೇನ್ರಿ?" ಎಂದು ಹೆಂಡತಿ ಸಂಪದಾ ಕೇಳಿದಳು.

"ನೋಡೋಣ್ರಿ" ಎಂದರು.

ಹಾನಗಲ್ಲ ಕೋರ್ಟಿನಲ್ಲಿ ಅರ್ಧ ಆಯುಷ್ಯ ವಕೀಲಿ ಮಾಡಿದವನಿಗೆ 'ನೋಡೋಣ' ಎಂದರೇನೆಂದು ಗೊತ್ತು. ಸೋಲುವ ಕೇಸಿನ ಕಕ್ಷಿದಾರರಿಗೆ ನಾನೂ ಅದನ್ನೇ ಹೇಳುತ್ತೇನೆ.

ಮನೆಗೆ ಬಂದ ಕೂಡಲೇ ನಮ್ಮ ಮನೆಯಾಕೆ ಅಟ್ಟದಿಂದ ಹಳೆಯ ಪಾಟಿ ಇಳಿಸಿ, ಒರೆಸಿ, ಬಳಪದ ಸಮೇತ ನನ್ನ ಮುಂದಿಟ್ಟಳು. ಐವತ್ತು ದಾಟಿದ ಮೇಲೆ ಒಂದನೇ ಇಯತ್ತೆಗೆ ಸೇರಿದಂತಾಯಿತು. ಪಾಟಿಯಲ್ಲಿ ಹಿಡಿಯುವುದು ನಾಲ್ಕು ಸಾಲು. ಅಷ್ಟರಲ್ಲಿ ನನ್ನ ಪೀಠಿಕೆಯೇ ಮುಗಿಯುವುದಿಲ್ಲ. ಅದಕ್ಕೇ ಈ ಡೈರಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಜಗಳವೇ ಇಲ್ಲದಿದ್ದರೆ ವಕೀಲ ಉಣ್ಣುವುದೇನನ್ನು?

ಜುಲೈ ೧೦, ಗುರುವಾರ

ಹಿಂದಿನ ಓಣಿಯಿಂದ ನನ್ನ ಸೋದರತ್ತೆ ಗೋಪಿಕಾಬಾಯಿ ಬಂದಿದ್ದಳು. ಸಂಪದಾ ಸ್ನಾನಕ್ಕೆ ಹೋಗಿದ್ದಳು. "ಯಾಕೋ ಸುಶೀಂದ್ರ, ಬಾಯಿ ಬಿಡವಲ್ಲಿ?" ಎಂದಳು. ಪಾಟಿ ಒಳಗಿತ್ತು. ಏನು ಮಾಡಲಿ, ಕೈ ಮುಗಿದೆ. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು, ತಾನೂ ಕೈ ಮುಗಿದು ಹೊರಟುಹೋದಳು.

ಸಂಜೆಗೆ ತಿಳಿಯಿತು. ಸುಶೀಂದ್ರ ಚಾತುರ್ಮಾಸದಲ್ಲಿ ಮೌನವ್ರತ ಹಿಡಿದಿದ್ದಾನೆ ಎಂದು ಅತ್ತೆ ಮಠದಲ್ಲಿ ಸಾರಿಬಿಟ್ಟಿದ್ದಾಳೆ. ನಮ್ಮವರಲ್ಲಿ ಈ ತಿಂಗಳು ಕಾಯಿಪಲ್ಯ ಬಿಡುವುದು ಎಲ್ಲರೂ ಮಾಡುವ ವ್ರತ. ಮಾತು ಬಿಟ್ಟವನು, ಅದೂ ವಕೀಲ, ಎಂದರೆ ಸಾಮಾನ್ಯವೇ? ಕತ್ತಲಾಗುವಷ್ಟರಲ್ಲಿ ನಾಲ್ಕಾರು ಜನ ಬಂದು ನಮಸ್ಕಾರ ಮಾಡಿ ಹೋದರು. ಒಬ್ಬರಂತೂ ಬಾಳೆಹಣ್ಣಿನ ಗೊನೆ ತಂದಿದ್ದರು.

ನಾನು ತಿದ್ದಲಿಲ್ಲ. ಗಂಟಲು ಕೆಟ್ಟ ವಕೀಲನ ಬಾಗಿಲಿಗೆ ಕಕ್ಷಿದಾರ ಬರುವುದಿಲ್ಲ, ವ್ರತ ಹಿಡಿದವನಿಗೆ ಕಾಯುತ್ತಾನೆ. ಇದನ್ನು ಪಾಟಿಯ ಮೇಲೆ ಬರೆದು ತೋರಿಸಿದರೆ ಸಂಪದಾ ಮುಖ ಗಂಟಿಕ್ಕಿದಳು.

"ದೇವ್ರ ಹೆಸರ್ಲೆ ಸುಳ್ಳು ಬ್ಯಾಡ್ರಿ."

ಸುಳ್ಳು ಹೇಳಲು ನಾನು ಬಾಯಿ ಎಲ್ಲಿ ಬಿಟ್ಟಿದ್ದೇನೆ?

ಜುಲೈ ೧೩, ಭಾನುವಾರ

ಮಾತಾಡಲಾಗದವನು ಮಾಡಬಹುದಾದ ಕೆಲಸ ಒಂದೇ, ಕೇಳುವುದು. ನನ್ನಲ್ಲಿ ಹಳೆಯ ಗಾಯನದ ಧ್ವನಿಮುದ್ರಿಕೆಗಳು ರಾಶಿ ಬಿದ್ದಿವೆ. ಮೊಬೈಲಿನಲ್ಲಿ ಕೇಳಿದರೆ ಗವಾಯಿಗಳು ಬೆಂಕಿಪೆಟ್ಟಿಗೆಯೊಳಗೆ ಕೂತು ಹಾಡಿದಂತಿರುತ್ತದೆ. ಒಂದು ಜೋಡಿ ಒಳ್ಳೆಯ ಸ್ಪೀಕರ್ ತರುವುದೆಂದು ಎಷ್ಟೋ ವರ್ಷದ ಆಸೆ. ಇನ್ನು ಯಾವಾಗ ತರುವುದು?

ಇಡುವ ಜಾಗ ನನ್ನ ಆಫೀಸೇ, ಅಂದರೆ ಮುಂದಿನ ಕೋಣೆ. ಒಂದು ಗೋಡೆಗೆ ಕಾನೂನು ಪುಸ್ತಕದ ಕಪಾಟು, ಒಂದಕ್ಕೆ ದೇವರಮನೆಯ ಬಾಗಿಲು, ಒಂದಕ್ಕೆ ಬೀದಿಬಾಗಿಲು ಮತ್ತು ಕಿಟಕಿ. ಉಳಿದದ್ದು ಅಡುಗೆಮನೆಯ ಕಡೆಯ ಗೋಡೆ. ಅದರಲ್ಲಿ ಅಜ್ಜನ ಕಾಲದ ಫರಸಿ ಕಲ್ಲಿನ ಹಲಗೆ ಇದೆ, ಅಗಲ ಒಂದು ದಪ್ಪ ಪುಸ್ತಕ ಹಿಡಿಯುವಷ್ಟು. ಸ್ಪೀಕರ್ ಇಟ್ಟರೆ ಬೆನ್ನು ಗೋಡೆಗೆ ಹತ್ತಿಯೇ ಇರಬೇಕು. ಮುಂದೆ ಎಳೆದರೆ ಬೆಂಚಿನ ಮೇಲೆ ಕೂತ ಕಕ್ಷಿದಾರನ ತಲೆಯ ಮೇಲೆ ಬೀಳುತ್ತದೆ.

ಇದನ್ನೆಲ್ಲ ಪಾಟಿಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದು ಸಂಪದಾಗೆ ವಿವರಿಸಿದೆ. "ಹೂಂ" ಎಂದು ಒಗ್ಗರಣೆಗೆ ಹೋದಳು. ಪಾಪ, ಅವಳಿಗೆ ಇದೆಲ್ಲ ತಿಳಿಯುವುದಿಲ್ಲ.

ಜುಲೈ ೧೫, ಮಂಗಳವಾರ

ಸವಣೂರಿಗೆ ಹೋಗಿಬಂದೆವು. ಕಾರು ಸಂಪದಾ ನಡೆಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತುತ್ತೇನೆ. ಗೇರು, ಹಾರ್ನು, ಎದುರಿನ ಲಾರಿ, ಯಾವುದರ ಬಗೆಗೂ ಇವತ್ತು ನಾನು ಸಲಹೆ ಕೊಡುವಂತಿರಲಿಲ್ಲ. ಬಂಕಾಪುರ ದಾಟುವ ಹೊತ್ತಿಗೆ ಅವಳು ಸಣ್ಣಗೆ ಏನೋ ಗುನುಗುತ್ತಿದ್ದಳು.

ಅಫ್ಜಲ ನನ್ನ ಕಾಲೇಜು ಗೆಳೆಯ. ಅಪ್ಪನದು ವೀಳ್ಯದೆಲೆ ವ್ಯಾಪಾರ, ಇವನದು ಸ್ಪೀಕರ್ ವ್ಯಾಪಾರ, ಎರಡರಲ್ಲೂ ಮನೆತನಕ್ಕೆ ಹೆಸರಿದೆ. ಅವನ ಅಂಗಡಿಯ ಹಿಂದಿನ ಕೋಣೆಯನ್ನು ನೋಡಬೇಕು. ನೆಲಕ್ಕೆ ಜಮಖಾನೆ, ಗೋಡೆಗೆ ಹತ್ತಿಯ ಗಾದಿ, ನಡುವೆ ಎತ್ತರದ ಸ್ಟ್ಯಾಂಡಿನ ಮೇಲೆ ಒಂದು ಜೋಡಿ ದೊಡ್ಡ ಸ್ಪೀಕರ್. ಒಂದು ಭೀಮಪಲಾಸ ರಾಗ ಹಚ್ಚಿದ. ತಂಬೂರಿಯ ತಂತಿ ಬಲಗಡೆ, ತಬಲಾ ಎಡಗಡೆ, ಗವಾಯಿಗಳು ನಡುವೆ ನನಗೆ ಎದುರಾಗಿ ಕೂತಿದ್ದರು. ಷಡ್ಜಕ್ಕೆ ಬಂದಾಗ ಅವರು ಉಸಿರೆಳೆದದ್ದೂ ಕೇಳಿಸಿತು. ನನಗೆ ಕಣ್ಣು ತುಂಬಿತು.

"ಗ್ವಾಡಿಂದ ಎಷ್ಟ್ ದೂರ ಇಡ್ತಿ ದೋಸ್ತ?" ಎಂದು ಅಫ್ಜಲ ಕೇಳಿದ. "ಇದರ ಬೆನ್ನಾಗ ತೂತು ಐತಿ ನೋಡು. ಗಾಳಿ ಅಲ್ಲಿಂದ ಹೊರಗ ಬರ್ತೈತಿ. ಗ್ವಾಡಿಗೆ ಹಚ್ಚಿ ಇಟ್ಟಿ ಅಂದ್ರ ದಪ್ಪ ಸ್ವರ ಎಲ್ಲಾ ಉಬ್ಬಿ ಗುಂಯ್ ಅಂತಾವ. ಮೊಳದಷ್ಟಾರ ಜಾಗ ಬೇಕು."

'ಜಾಗ ಬೇಕಾದಷ್ಟಿದೆ' ಎಂದು ಬರೆದೆ. ಸಂಪದಾ ಬಾಯಿ ತೆರೆದಳು. ನಾನು ಅವಳ ಕಡೆ ನೋಡಿದೆ. ಮುಚ್ಚಿದಳು.

ಬರುವಾಗ ಎರಡೂ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಮದುಮಕ್ಕಳಂತೆ ಕೂತಿದ್ದವು.

ಜುಲೈ ೧೭, ಗುರುವಾರ

ದಪ್ಪ ಸ್ವರ ಉಬ್ಬುತ್ತದೆ ಎಂದಿದ್ದ ಅಫ್ಜಲ. ಉಬ್ಬುವುದಲ್ಲ, ಕಲ್ಲಿನ ಹಲಗೆಯೇ ನಡುಗುತ್ತದೆ. ಸವಣೂರಿನಲ್ಲಿ ಎದುರಿಗೆ ಕೂತಿದ್ದ ಗವಾಯಿಗಳು ಹಾನಗಲ್ಲಿನಲ್ಲಿ ಕಾಳು ತುಂಬುವ ಹಗೇವಿನೊಳಗೆ ಬಿದ್ದು ಕೂಗುತ್ತಿದ್ದಾರೆ. ಗೋಡೆಯಾಚೆ ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಗಳು ತಾಳ ಹಾಕುತ್ತಿವೆ. ಹಿಂದಿನ ತೂತಿಗೆ ನನ್ನ ಕಾಲುಚೀಲ ತುರುಕಿದೆ. ಗುಂಯ್ ಎನ್ನುವುದು ಸ್ವಲ್ಪ ಇಳಿಯಿತು, ಜೊತೆಗೆ ಜೀವವೂ ಇಳಿಯಿತು.

ಅತ್ತೆ ಓಡಿಬಂದಳು. "ಮೌನದಾಗ ಇದ್ದವ್ರು ಹಿಂಗ ಗದ್ದಲಾ ಹಚ್ತಾರೇನೋ?"

ನಾನು ಕೈ ಮುಗಿಯುವ ಮೊದಲೇ ಸಂಪದಾ ಒಳಗಿನಿಂದ ಬಂದಳು. "ಮೌನ ಅಲ್ರಿ ಅತ್ಯಾ. ಗಂಟಲಾ ಆಪರೇಶನ್ ಆಗೇದ. ಡಾಕ್ಟ್ರು ಮಾತಾಡಬ್ಯಾಡ ಅಂದಾರ. ದನಿ ಬರ್ತದೋ ಇಲ್ಲೋ ಗೊತ್ತಿಲ್ಲ."

ಅತ್ತೆ ಬೆಂಚಿನ ಮೇಲೆ ಕುಸಿದು ಕೂತಳು. ಆಮೇಲೆ ನನ್ನ ತಲೆ ಸವರಿ, "ಹುಚ್ಚಪ್ಪಾ, ನನಗರ ಹೇಳಬಾರದಾ" ಎಂದಳು. ಸಂಪದಾ ಮೇಲೆ ಸಿಟ್ಟು ನೆತ್ತಿಗೇರಿತು. ಸಿಟ್ಟನ್ನು ಪಾಟಿಯ ಮೇಲೆ ಬರೆದರೆ ಅದು ಸಿಟ್ಟಿನಂತೆ ಕಾಣುವುದಿಲ್ಲ. ಅಕ್ಷರ ದುಂಡಗೆ ಬರುತ್ತದೆ. ಊಟ ಬಿಟ್ಟೆ. ಕಾಯಿಪಲ್ಯವಿಲ್ಲದ ಊಟ, ಬರೀ ಮೆಣಸು ಜೀರಿಗೆಯ ತೊವ್ವೆ, ಬಿಟ್ಟರೆ ದೊಡ್ಡ ನಷ್ಟವೇನಲ್ಲ.

ಜುಲೈ ೧೯, ಶನಿವಾರ

ಒಂದು ವಿಚಿತ್ರ ನಡೆಯಿತು. ಎರಡು ದಿನದಿಂದ ನಾನು ಆ ಪೆಟ್ಟಿಗೆಗಳನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಬೆವರುತ್ತಿದ್ದೆ. ಸಂಪದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಆ ಮೂಲ್ಯಾಗಿಂದ ತಗೀರಿ ಅದನ್ನ" ಎಂದಳು. "ಆ ಮೂಲಿನ ಖೊಟ್ಟಿ ಅದ."

ಯಾಕೆ ಎಂದು ಹುಬ್ಬಿನಲ್ಲೇ ಕೇಳಿದೆ.

"ನೀವು ಆ ಮೂಲ್ಯಾಗ ನಿಂತು ಒದರಿದ್ರ ಅಡಗಿಮನ್ಯಾಗ ನನಗ ಒಂದ್ ಶಬ್ದನೂ ತಿಳಿಯಂಗಿಲ್ಲ. ಬರೇ ಗುಂಯ್ ಅಂತದ. ಸಿಟ್ಟಾಗ್ಯಾರ ಅನ್ನೋದಷ್ಟ ಗೊತ್ತಾಗ್ತದ, ಯಾರ ಮ್ಯಾಲೆ ಅಂತ ಗೊತ್ತಾಗಂಗಿಲ್ಲ. ಕಪಾಟದ ಹತ್ರ ಬಂದ್ರೋ, ಎಲ್ಲಾ ಸ್ವಚ್ಛ ಕೇಳಸ್ತದ. ಪುಸ್ತಕ ಅಷ್ಟೂ ಗದ್ದಲಾ ನುಂಗ್ತಾವ."

ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ಅವಳು ತೋರಿಸಿದ ಕಡೆ, ಹಲಗೆಯ ನಡುಭಾಗಕ್ಕೆ ಸರಿಸಿದೆ. ಆ ತುದಿಯಲ್ಲಿ ಪುಸ್ತಕ ಜೋಡಿಸಿದೆ. ಅರ್ಧಕ್ಕರ್ಧ ಗುಂಯ್ ಹೋಯಿತು. ಅಫ್ಜಲನಿಗೆ ಇದನ್ನು ಮೊಬೈಲಿನಲ್ಲಿ ಬರೆದು ಕಳಿಸಿದೆ. "ವೈನಿಯವ್ರ ಕಿವಿ ನನ್ನ ಅಂಗಡಿಗೆ ಬೇಕಿತ್ತು" ಎಂದು ಉತ್ತರ ಬಂತು. ಜೊತೆಗೆ, ಸುಳ್ಳು ಬರೆದದ್ದಕ್ಕೆ ನನಗೆ ನಾಲ್ಕು ಬೈಗುಳ.

ಮೆಚ್ಚಲೇಬೇಕು. ಈ ಕೋಣೆಯಲ್ಲಿ ಹುಟ್ಟಿ ಬೆಳೆದವನು ನಾನು. ಗೋಡೆಯಾಚೆ ನಿಂತವಳಿಗೆ ಇದರ ಗುಟ್ಟು ಗೊತ್ತು.

ಜುಲೈ ೨೨, ಮಂಗಳವಾರ

ಆಡೂರಿನ ನೀಲಪ್ಪ ಬಂದಿದ್ದ. ಹೊಲದ ಬದುವಿನ ಕೇಸು, ಅಂತಿಮ ವಾದಕ್ಕೆ ಬಂದಿದೆ. ಸಂಪದಾ ಅವನಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಕಾಗದಪತ್ರ ವಾಪಸ್ ಕೇಳುತ್ತಾನೆಂದು ನಾನು ಫೈಲು ತೆಗೆದಿಟ್ಟೆ.

"ಅದನ್ಯಾಕ ತಗದ್ರಿ ಸಾಹೇಬ್ರ?" ಎಂದ ನೀಲಪ್ಪ. "ಆರಾಮ ಆಗ್ರಿ. ಅಪ್ಪನ ಕಾಲದಿಂದ ನಡದೈತಿ, ಇನ್ನೊಂದ್ ತಾರೀಖಿಗೆ ಏನ್ ಓಡಿ ಹೋಕ್ಕೈತಿ?" ಸಂಪದಾ ಕೊಟ್ಟ ಚಹಾ ಕುಡಿದ. ಅವನ ಮನೆಯ ಸುದ್ದಿಯೆಲ್ಲ ಅವಳಿಗೆ ಗೊತ್ತಿದೆ, ಎರಡನೇ ಮಗಳ ಹೆರಿಗೆ, ಎಮ್ಮೆಗೆ ಆದ ಕೆಚ್ಚಲು ಬಾವು. ನನಗೆ ಗೊತ್ತಿದ್ದದ್ದು ಸರ್ವೆ ನಂಬರು.

ಜುಲೈ ೨೪, ಗುರುವಾರ

ಏನೂ ಬರೆಯಲು ಮನಸ್ಸಿಲ್ಲ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕೆಮ್ಮಿದೆ. ಗಂಟಲಿನಿಂದ ಬಂದ ಶಬ್ದ ನನ್ನದಲ್ಲ. ಹೆದರಿಕೆಯಾಗಿದೆ.

ಜುಲೈ ೨೭, ಭಾನುವಾರ

ಅಫ್ಜಲ ದೊಡ್ಡ ಜೋಡಿಯನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿದ, ಹಿರೇಕೆರೂರಿನ ಒಂದು ವಿಳಾಸ ಕೊಟ್ಟ. ಹುಲಗೇಶ ಎಂಬ ಬ್ಯಾಂಕಿನ ಅಧಿಕಾರಿ, ವರ್ಗವಾಗಿದೆ, ತಮ್ಮ ಸಣ್ಣ ಸ್ಪೀಕರ್ ಜೋಡಿಯನ್ನು ಮಾರುತ್ತಿದ್ದಾರೆ. ಅದರ ಪೆಟ್ಟಿಗೆಗೆ ಹಿಂದೆ ಮುಂದೆ ಎಲ್ಲೂ ತೂತಿಲ್ಲ. ಎಲ್ಲ ಕಡೆ ಮುಚ್ಚಿದ್ದು, ಗೋಡೆಗೆ ಆನಿಸಿ ಇಡಲೆಂದೇ ಮಾಡಿದ್ದು ಎಂದ.

ಇವತ್ತು ಇಬ್ಬರೂ ಹೋಗಿದ್ದೆವು. ಹುಲಗೇಶರ ಮನೆಯಲ್ಲೂ ಅವು ಗೋಡೆಗೆ ಹತ್ತಿಯೇ ಇದ್ದವು. ನೋಡಲು ಎರಡು ಇಟ್ಟಿಗೆಯಷ್ಟು. ನನಗೆ ನಿರಾಸೆಯಾಯಿತು. ನಾನು ಭೀಮಪಲಾಸ ಹಚ್ಚಲು ಮೊಬೈಲು ತೆಗೆಯುತ್ತಿದ್ದೆ. ಸಂಪದಾ ತಡೆದಳು.

"ಹಾಡು ಬ್ಯಾಡ್ರಿ. ಹಾಡು ಯಾವುದ್ರಾಗ ಹಚ್ಚಿದ್ರೂ ಛಂದನ ಅನಸ್ತದ. ಮಾತು ಹಚ್ಚಿ ನೋಡೂಣು."

ತನ್ನ ಮೊಬೈಲನ್ನು ಜೋಡಿಸಿದಳು. ಹುಲಗೇಶರ ಪಡಸಾಲೆಯಲ್ಲಿ ನಾನು ಮಾತಾಡಿದೆ.

"ಸಂಪದಾ, ಐದ್ ಮಂದಿ ಬರ್ಲಿಕತ್ತಾರ, ಚಹಾ ಇಡು."

ನನ್ನ ಹಳೆಯ ದನಿ. ಎಳ್ಳಷ್ಟೂ ಉಬ್ಬಿಲ್ಲ, ಎಳ್ಳಷ್ಟೂ ಸೊರಗಿಲ್ಲ.

"ಸಂಪದಾ, ನೀಲಿ ಫೈಲು ಎಲ್ಲಿಟ್ಟಿ? ಲಗೂ ಹೇಳು." "ಊಟಕ್ಕ ಬರಂಗಿಲ್ಲ, ಕಾಯಬ್ಯಾಡ." "ಕೋಟಿನ ಗುಂಡಿ ಹಚ್ಚಿಲ್ಲ ಯಾಕ?" "ಫೋನ್ ಎತ್ತು."

ಕೋರ್ಟಿನಿಂದ ನಾನು ಅವಳಿಗೆ ಕಳಿಸಿದ ಧ್ವನಿ ಸಂದೇಶಗಳು. ಒಂದಾದ ಮೇಲೊಂದು ಬರುತ್ತಲೇ ಇದ್ದವು. ಹುಲಗೇಶರ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಸಂಪದಾ ನಗಲಿಲ್ಲ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ದೇವರ ಸ್ತೋತ್ರ ಕೇಳುವವರಂತೆ ಕೇಳಿದಳು. ಕೊನೆಗೆ "ಇವ ಆಗಲಿ" ಎಂದಳು. "ಆ ದೊಡ್ಡ ಜೋಡ್ಯಾಗ ನಾ ಹಚ್ಚಿ ನೋಡಿದ್ದೆ, ನೀವು ಮಲಗಿದಾಗ. ಬ್ಯಾರೆ ಯಾರೋ ಮಾತಾಡಿಧಂಗ ಇತ್ತು."

ಏನು ಪರೀಕ್ಷೆ, ಏನು ಕಿವಿ! ಇಂಥ ಸಾಕ್ಷಿ ನನಗೆ ಕೋರ್ಟಿನಲ್ಲಿ ಒಂದೂ ಸಿಕ್ಕಿಲ್ಲ.

ಬರುವ ಮೊದಲು ಮಾಸೂರಿನವರೆಗೆ ಹೋಗಿ ಮದಗದ ಕೆರೆ ನೋಡಿದೆವು. ನೀರು ದಂಡೆ ಮುಟ್ಟಿದೆ. ಏರಿಯ ಮೇಲೆ ನಿಂತಾಗ ಪಾಟಿಯ ಮೇಲೆ ಬರೆದು ಕೇಳಿದೆ, ಈ ಕಸವನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀಯೆ ಎಂದು.

"ಆಪರೇಶನ್ನಿನ ಹಿಂದಿನ ದಿನ ಎಲ್ಲಾ ಒಂದ್ ಕಡೆ ಕೂಡಿಸಿ ಇಟ್ಟೆ. ನಿಮ್ಮ ದನಿ ಬರದಿದ್ರ ಇರ್ಲಿ ಅಂತ." ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಬ್ಯಾರೆ ಮಾತು ಹುಡುಕಿದೆ. ಇರ್ಲಿಲ್ಲ. ಇವ ಇದ್ದವು."

ಬಳಪ ಕೈಯಲ್ಲೇ ಇತ್ತು. ಗಾಳಿ ಬಹಳ ಇತ್ತು, ಹೊರಟೆವು.

ಜುಲೈ ೨೯, ಮಂಗಳವಾರ, ನಾಗರಪಂಚಮಿ

ಸ್ಪೀಕರ್ ಹಲಗೆ ಏರಿದವು. ಬೆನ್ನು ಗೋಡೆಗೆ, ಮೂಲೆಯಿಂದ ದೂರ, ಎರಡರ ನಡುವೆ ನಾಲ್ಕು ಪುಸ್ತಕ. ದೊಡ್ಡ ಜೋಡಿಯ ಗತ್ತು ಇವಕ್ಕಿಲ್ಲ. ಎದೆಗೆ ಗುದ್ದುವ ತಬಲಾ ಇಲ್ಲ. ಆದರೆ ಹಾಡುವವನು ಮನುಷ್ಯನಾಗಿದ್ದಾನೆ. ಗೋಡೆಯೇ ಇವಕ್ಕೆ ಅಷ್ಟಿಷ್ಟು ದಪ್ಪ ಸ್ವರವನ್ನು ಕೈಗಡ ಕೊಡುತ್ತದೆ, ಇವು ಅಷ್ಟನ್ನೇ ತೆಗೆದುಕೊಂಡು ಸುಮ್ಮನಿರುತ್ತವೆ. ಅಡುಗೆಮನೆಯ ಡಬ್ಬಿಗಳು ಅಲುಗಲಿಲ್ಲ. ಅತ್ತೆ ಬಂದು ಹಬ್ಬದ ಉಂಡಿ ತಿಂದು, ದಾಸರ ಪದ ಹಚ್ಚಿಸಿಕೊಂಡು ಕೇಳಿ ಹೋದಳು.

ಎರಡೂ ಕಡೆಯ ಸ್ವರ ಸಮನಾಗಿ ಸೇರುವುದು ನನ್ನ ಕುರ್ಚಿಯ ಜಾಗದಲ್ಲಿ. ಸಂಜೆ ಅಲ್ಲಿ ಸಂಪದಾ ಕೂತಿದ್ದಳು, ನಾನು ಬೆಂಚಿನ ಮೇಲೆ. ಈ ಬೆಂಚು ಇಷ್ಟು ಗಟ್ಟಿ ಎಂದು ಯಾವ ಕಕ್ಷಿದಾರನೂ ಹೇಳಿರಲಿಲ್ಲ. ಅವಳು ಯಾವ ಹಾಡು ಕೇಳುತ್ತಾಳೋ ಎಂದು ಮೊಬೈಲು ಅವಳ ಕೈಗೇ ಕೊಟ್ಟೆ. ಮದುವೆಗೆ ಮೊದಲು ಶಿಗ್ಗಾಂವಿಯಲ್ಲಿ ಹಾಡಲು ಕಲಿಯುತ್ತಿದ್ದಳಂತೆ, ಒಂದು ವರ್ಷ. ನನಗೆ ಗೊತ್ತಿರಲಿಲ್ಲ. ಹೇಳಿದ್ದಳಂತೆ, ನಾನು ಮಾತಾಡುತ್ತಿದ್ದೆನಂತೆ.

ಆಗಸ್ಟ್ ೪, ಸೋಮವಾರ

ನಾಳೆ ಹುಬ್ಬಳ್ಳಿ. ಉಗುಳು ನುಂಗಿದಾಗಲೆಲ್ಲ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಸಂಪದಾ ರಾಯರಿಗೆ ತುಪ್ಪದ ದೀಪ ಹಚ್ಚಿದಳು. ನಾನೂ ಪಕ್ಕದಲ್ಲಿ ನಿಂತೆ. ಕೇಳಿಕೊಳ್ಳುವಾಗ ಬಾಯಿ ಬೇಕಿಲ್ಲ ಎಂಬುದೊಂದು ಅನುಕೂಲ.

ಆಗಸ್ಟ್ ೫, ಮಂಗಳವಾರ

ಡಾಕ್ಟರು ಕನ್ನಡಿ ಹಿಡಿದು ನೋಡಿ, "ಈಗ ನಿಮ್ಮ ಹೆಸ್ರು ಹೇಳ್ರಿ" ಎಂದರು. ಹೇಳಿದೆ. ದನಿ ಬಂತು. ತೆಳ್ಳಗೆ, ಒಣಗಿದ ಎಲೆಯ ಹಾಗೆ, ನನ್ನ ಪಕ್ಕದ ಕುರ್ಚಿಯವರೆಗೆ ಬಂತು.

ಇಷ್ಟೇ ಎಂದರು. ಇನ್ನಷ್ಟು ಸುಧಾರಿಸಬಹುದು, ಆದರೆ ಹಳೆಯ ಗುಡುಗು ಬರುವುದಿಲ್ಲ. ಒದರುವಂತೆಯೇ ಇಲ್ಲ. ಕೋರ್ಟಿನಲ್ಲಿ ಮೈಕು ಕೇಳಿಕೊಳ್ಳಿ, ಇಲ್ಲವೇ ಬರೆದು ಕೊಡಿ. ಸಂಪದಾ ನನ್ನ ಕೈ ಹಿಡಿದುಕೊಂಡಿದ್ದಳು. ಜನರ ಎದುರಿಗೆ ಅವಳು ಹಾಗೆ ಮಾಡುವವಳಲ್ಲ. ನನಗೆ ದುಃಖವಾಯಿತು, ಸುಳ್ಳೇಕೆ. ನೀಲಪ್ಪನ ಕೇಸಿನಲ್ಲಿ ಎದುರಿನ ವಕೀಲನನ್ನು ದನಿಯಿಂದಲೇ ಕೂರಿಸಬೇಕೆಂದಿದ್ದೆ. ಇನ್ನು ಕಾನೂನಿನಿಂದ ಕೂರಿಸಬೇಕು.

ಮನೆಗೆ ಬಂದು ಕುರ್ಚಿಯಲ್ಲಿ ಕೂತೆ. ಸಂಪದಾ ಒಳಗೆ ಹೋದಳು. "ಸಂಪದಾ" ಎಂದು ಕರೆದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ನನ್ನ ದನಿ ಗೋಡೆಯವರೆಗೂ ಹೋಗಲಿಲ್ಲ. ಎದ್ದು ಹೋದೆ.

ಅಡುಗೆಮನೆಯಲ್ಲಿ ಅವಳು ನಳದ ಕೆಳಗೆ ಬದನೆಕಾಯಿ ತೊಳೆಯುತ್ತಿದ್ದಳು, ವ್ರತದ ತಿಂಗಳು ಮುಗಿದು ನಾಳೆಯಿಂದ ಕಾಯಿಪಲ್ಯ ಉಣ್ಣಬಹುದು. ಹತ್ತಿರ ಹೋಗಿ ನಿಂತು ಮಾತಾಡಿದೆ. ತಿರುಗಿ ನೋಡಿದಳು.

"ಚಹಾ ಬೇಕೇನ್ರಿ?"

ಬೇಡ ಎಂದು ತಲೆಯಾಡಿಸಿದೆ.

"ಮತ್ತೇನಂದ್ರಿ?"

"ಏನ್ ಹಾಡ್ತಿದ್ದಿ ಅಂತ ಕೇಳಿದೆ. ಶಿಗ್ಗಾಂವ್ಯಾಗ."

ಅವಳು ನಳ ಬಂದ್ ಮಾಡಿದಳು. ಕೈ ಒರೆಸಿಕೊಂಡಳು. "ಇನ್ನೊಮ್ಮೆ ಅನ್ರಿ" ಎಂದಳು. ಕೇಳಿಸಿತ್ತು ಅವಳಿಗೆ, ನನಗೆ ಗೊತ್ತು. ಅಂದೆ.